ನರಸಿಂಹಣ್ಣನ ತಕರಾರು

ಭಾಷಣದಲ್ಲಿ ಯಾರಾದರೂ ‘ಕಾರ್ಮಿಕ ವರ್ಗ’ ಎಂದರೆ ಸಾಕು, ನರಸಿಂಹಣ್ಣ ಎದ್ದು ನಿಂತು ಕೇಳುತ್ತಿದ್ದರು: “ಯಾವ ವರ್ಗಾನಪ್ಪ? ಒಂದೆರಡು ಎಸ್ರು ಏಳು, ನೋಡಾನ.” ಅವರು ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಹಿರಿಯ ಟರ್ನರ್. ನಾನು ಸಂಘದ ಕಾರ್ಯದರ್ಶಿ. ಭಾಷಣವೂ ಹೆಚ್ಚಾಗಿ ನನ್ನದೇ. ಮೈಯೆಲ್ಲ ಉರಿದುಹೋಗುತ್ತಿತ್ತು.

ಹಾಗಂತ ಅವರೇನು ಮಾಲೀಕರ ಬಾಲ ಹಿಡಿದವರಲ್ಲ. ಹಿಂದೆ ಜಾಲಹಳ್ಳಿ ಕಡೆ ಕೆಲಸಕ್ಕಿದ್ದಾಗ ಮುಷ್ಕರ ಮಾಡಿ ಅಮಾನತಾದವರು. ಆದರೂ ನಮ್ಮ ಬೇಡಿಕೆಪಟ್ಟಿ ಕೈಗೆ ಸಿಕ್ಕರೆ ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಂತೆ ಹಿಡಿದು ಓದಿ, ತಕರಾರು ತೆಗೆಯುತ್ತಿದ್ದರು. “ಎಲ್ರಿಗೂ ಒಂದೇ ಅಳತೆ ಅಂಗಿ ಒಲಿಸ್ತೀರಲ್ಲ, ಯಾರ್ ಮೈಗೆ ಸರಿಯಾಯ್ತದೆ ಅಂತ ಕೇಳೋದ್ ಬ್ಯಾಡ್ವಾ?”

ನನ್ನ ದೊಡ್ಡ ಗೆಲುವೆಂದರೆ ಪೀಸ್ ರೇಟ್ ತೆಗೆಸಿದ್ದು. ಮಾಡಿದ ಪೀಸಿಗಿಷ್ಟು ಎಂದು ಕೂಲಿ ಕೊಡುವುದು ಶೋಷಣೆ. ಎಲ್ಲರಿಗೂ ಎಂಟು ಗಂಟೆಯ ಪಾಳಿ, ತಿಂಗಳ ಸಂಬಳ ಬೇಕು ಎಂದು ಹಟ ಹಿಡಿದೆವು. ಸಂಘದ ಸಭೆ ಕೈಯೆತ್ತಿ ಒಪ್ಪಿತು, ಮಾಲೀಕರೂ ಒಪ್ಪಿದರು. ಮೈಸೂರುಪಾಕ್ ಹಂಚಿದೆವು.

ಪೀಸುಗಳ ಚೂಪು ಅಂಚು ಉಜ್ಜುತ್ತಿದ್ದ ಯಾದಗಿರಿಯ ರೇಣುಕಾ ಕೈಚುರುಕಿನವಳು. ಪೀಸ್ ರೇಟ್ ಇದ್ದಾಗ ಮೂರು ಗಂಟೆಗೇ ತನ್ನ ಪಾಲು ಮುಗಿಸಿ, ಮಗಳನ್ನು ಶಾಲೆಯಿಂದ ಕರೆತರಲು ಓಡುತ್ತಿದ್ದಳು. ಹೊಸ ಪಾಳಿ ಬಿಡುತ್ತಿದ್ದುದು ಐದಕ್ಕೆ. ಒಂದು ತಿಂಗಳು ಒದ್ದಾಡಿ, “ಚಲೋ ಕೆಲಸ ಮಾಡೀರಿ ಅಣ್ಣಾ, ಆದ್ರ ನನಗ ಆಗಂಗಿಲ್ರಿ,” ಎಂದು ನನಗೇ ಕೈಮುಗಿದು ಕೆಲಸ ಬಿಟ್ಟುಹೋದಳು.

“ಆ ಪೀಸ್ ರೇಟ್ ಸಭೆ ಎಷ್ಟೊತ್ಗೆ ಕರ್ದಿದ್ದೆ?” ಎಂದರು ನರಸಿಂಹಣ್ಣ.

“ಐದಕ್ಕೆ.”

“ಅವ್ಳು ಮೂರಕ್ಕೇ ಓಯ್ತಿದ್ಲಲ್ಲೋ.”

ಇಡೀ ವರ್ಗಕ್ಕೆ ಯಾವುದು ಒಳ್ಳೆಯದೆಂದು ನನಗೆ ಗೊತ್ತಿತ್ತು. ದಿನಾ ಎದುರಿಗೆ ಕೂತಿರುತ್ತಿದ್ದ ಹೆಂಗಸಿಗೆ ಏನು ಬೇಕೆಂದು ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಮುಂದಿನ ಒಪ್ಪಂದದಲ್ಲಿ, ಬೇಕಾದವರಿಗೆ ಪೀಸ್ ರೇಟ್ ಇರಲಿ ಎಂದು ನಾನೇ ಬರೆಸಿದೆ. ಸಂಘದವರು ನನ್ನನ್ನು ಮಾಲೀಕರ ಚೇಲಾ ಎಂದರು. ಅಷ್ಟರಲ್ಲಿ ನರಸಿಂಹಣ್ಣ ಕಾಯಿಲೆ ಬಿದ್ದು ಚಿಕ್ಕಬಾಣಾವರದ ಮಗಳ ಮನೆ ಸೇರಿದ್ದರು. ಶಹಬ್ಬಾಸ್ ಎನ್ನುತ್ತಾರೆಂದು ಓಡಿಹೋಗಿ ಸುದ್ದಿ ಹೇಳಿದೆ.

“ರೇಣುಕಂಗೆ ಏಳ್ದ್ಯಾ?”

“ರೂಮ್ ಖಾಲಿ ಮಾಡ್ಬಿಟ್ಟಿದಾಳಣ್ಣ. ಎಲ್ಲಿಗೆ ಹೋದ್ಲೋ ಯಾರಿಗೂ ಗೊತ್ತಿಲ್ಲ.”

ಗೋಡೆಯ ಕಡೆ ಹೊರಳಿದರು. “ಸಭೇಲಿ ಅವ್ಳಿಲ್ಲ ಅಂತ ಅವತ್ತೇ ನಂಗೆ ಗೊತ್ತಿತ್ತು ಕಣ್ಲಾ,” ಎಂದರು. “ಎಲ್ರೂ ಕೈ ಎತ್ತುದ್ರಲ್ಲ, ನಾನೂ ಎತ್ಬಿಟ್ಟೆ.”

ಅವರಿಂದ ನಾನು ಕೇಳಿದ ಕೊನೆಯ ಮಾತು ಅದೇ.