ಅತ್ತೆಗೆ ಗೆರೆ ಕಲಿಸಿದ ವರ್ಷ

ನಾನು ಮದುವೆಯಾಗಿ ಯಾದಗಿರಿಯಿಂದ ಶಹಾಪುರಕ್ಕೆ ಬಂದಾಗ ಕಾಲುವೆಗೆ ನೀರು ಬಂದು ಬಹಳ ದಿನ ಆಗಿರಲಿಲ್ಲ. ಸಂಜೆಯಾದರೆ ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೋಗುತ್ತಿದ್ದರು. ದಂಡೆಯ ಮೇಲೆ ಸಾಲಾಗಿ ಕೂತು, ಹೆಚ್ಚು ಮಾತಿಲ್ಲದೆ, ಹರಿಯುವುದನ್ನೇ ನೋಡಿ, ಕತ್ತಲಾಗುವ ಮೊದಲು ಎದ್ದು ಬರುತ್ತಿದ್ದರು. ಬಿಸಿಲಲ್ಲೇ ಬೆಳೆದ ನಮಗೆ ಅಷ್ಟೊಂದು ನೀರು ಯಾವ ಅವಸರವೂ ಇಲ್ಲದೆ ಹೋಗುವುದು ಕನಸಿನಲ್ಲಿ ಕಂಡ ಹಾಗೆ ಇರುತ್ತಿತ್ತು.

ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಗಂಡ ಕಚೇರಿಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಪ್ರಾಯದಲ್ಲಿ ಕೂಲಿನಾಲಿ ಮಾಡಿ ಮಗನನ್ನು ಓದಿಸಿದವರು. ತಾವು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೆಳಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಬಂದು, ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಕಡೆ ಕೈ ಮುಗಿಯುತ್ತಿದ್ದರು. ಆಮೇಲೆಯೇ ಮನೆಯವರ ಜೊತೆ ಮಾತು.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಊಟವಾದ ಮೇಲೆ ನಾನು ಮಕ್ಕಳ ಹಾಳೆಗಳ ಕಟ್ಟು ಬಿಚ್ಚಿಕೊಂಡು ಪಡಸಾಲೆಯಲ್ಲಿ ಕೂರುತ್ತಿದ್ದೆ. ಹೊಸದಾಗಿ ಕಲಿಯುವ ಮಕ್ಕಳಿಗೆ ನಾನು ಮೊದಲು ಕೊಡುತ್ತಿದ್ದದ್ದು ಬರೀ ಗೆರೆ. ಎರಡು ಚುಕ್ಕೆ ಇಟ್ಟು, ಅಳತೆಪಟ್ಟಿ ಇಲ್ಲದೆ, ಒಂದರಿಂದ ಇನ್ನೊಂದಕ್ಕೆ ಒಂದೇ ಉಸಿರಿನಲ್ಲಿ ಎಳೆಯಬೇಕು. ಅಡ್ಡ, ಉದ್ದ, ಓರೆ. ಹಾಳೆ ತುಂಬುವವರೆಗೆ. ಮಕ್ಕಳಿಗೆ ಇದು ಬೇಸರದ ಕೆಲಸ. ಆದರೆ ನನಗೆ ಆ ಹಾಳೆಗಳನ್ನು ನೋಡುವುದೆಂದರೆ ಒಂದು ಥರದ ಸುಖ. ಹೊರಗೆ ಓಣಿ ಬಿಸಿಲಿಗೆ ಸುಮ್ಮನಾಗಿರುತ್ತಿತ್ತು. ಜಂತಿಯ ಬೆಳಕಿಂಡಿಯಿಂದ ಒಂದು ಬೆಳಕಿನ ಕೋಲು ಇಳಿದು, ಹಾಳೆಯಿಂದ ಹಾಳೆಗೆ ನಿಧಾನ ಸರಿಯುತ್ತಿತ್ತು. ತಪ್ಪಾದ ಗೆರೆಯನ್ನು ನಾನು ಅಳಿಸುತ್ತಿರಲಿಲ್ಲ, ಕಾಟು ಹಾಕುತ್ತಿರಲಿಲ್ಲ. ಅದರ ಪಕ್ಕದಲ್ಲೇ ನೀಲಿ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದು, ಕೆಳಗೆ ಒಂದು ಮಾತು ಬರೆಯುತ್ತಿದ್ದೆ. ‘ಪೆನ್ಸಿಲಿನ ಮೊನೆ ನೋಡಬೇಡ, ಮುಟ್ಟಬೇಕಾದ ಚುಕ್ಕೆ ನೋಡು.’ ‘ಇಲ್ಲಿ ಉಸಿರು ಬಿಟ್ಟಿದ್ದೀಯ.’ ‘ಒಂದು ಗೆರೆ ಬೇಕು, ಹತ್ತು ಕೂದಲು ಬೇಡ.’

ಅತ್ತೆ ಎದುರಿಗೆ ಕಾಲು ಚಾಚಿ ಕೂತು ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದರು. ಒಂದು ದಿನ ಸೂಜಿ ನಿಲ್ಲಿಸಿ ಕೇಳಿದರು:

“ಏನ್ ಮಾಡಾಕತ್ತಿ ಯವ್ವಾ, ಅಷ್ಟೊತ್ತಿಂದ?”

“ಹುಡುಗರ ಗೆರಿ ತಿದ್ದಾಕತ್ತೀನ್ರಿ ಅತ್ತಿ.”

“ಗೆರಿ ತಿದ್ದೂದ?” ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. “ಈ ಕೂಸು ಅಂಜ್ಯಾದ ನೋಡು. ಕೈ ನಡುಗ್ಯಾದ.”

ನಿಜವಾಗಿತ್ತು. ಅದು ಕ್ಲಾಸಿನಲ್ಲಿ ಬಾಯಿ ಬಿಡದ ಒಂದು ಹುಡುಗಿಯ ಹಾಳೆ.

ಅದಾದ ಕೆಲವು ವಾರಗಳ ಮೇಲೆ, ಒಂದು ಹಾಳೆ ತಿರುವಿದಾಗ ಅದರ ಹಿಂಬದಿಯಲ್ಲಿ ಸಾಲುಸಾಲು ಗೆರೆಗಳು ಕಂಡವು. ನನ್ನದೇ ನೀಲಿ ಪೆನ್ಸಿಲು. ಗೆರೆಗಳು ಗಿಡ್ಡ ಗಿಡ್ಡ, ಒತ್ತೊತ್ತು, ಕೌದಿಯ ಹೊಲಿಗೆಯಂತೆ.

“ಇದು ಯಾರ ಕೆಲಸರಿ ಅತ್ತಿ?” ಎಂದೆ.

ಅವರು ಕತ್ತೆತ್ತದೆ, “ಬೆಕ್ಕು ಮಾಡಿರಬೇಕು” ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ. ನಗು ನಿಂತ ಮೇಲೆ ಒಂದು ಹೊಸ ಹಾಳೆ ತೆಗೆದು ಅವರ ಮುಂದಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು, ರೊಟ್ಟಿ ಹಂಚಿನ ಮುಂದೆ ಕೂತಂತೆ ನೇರವಾಗಿ ಕೂತು, ಅವರು ಹಾಳೆ ತುಂಬ ಗೆರೆ ಎಳೆದರು. ಎಳೆದು ನನ್ನ ಮುಖ ನೋಡಿದರು.

ಸೊಸೆಯಾದವಳು ಅತ್ತೆಗೆ ‘ಇದು ಸೊಟ್ಟ’ ಎಂದು ಹೇಗೆ ಹೇಳುವುದು? “ಚಂದ ಅದಾವ್ರಿ” ಅಂದೆ.

ಅವರು ಪೆನ್ಸಿಲು ಕೆಳಗಿಟ್ಟರು. “ಊರ ಹುಡುಗರಿಗೆ ಖರೆ ಹೇಳ್ತಿ. ನನಗ್ಯಾಕ ಸುಳ್ಳು ಹೇಳ್ತಿ? ನಾ ಏನ್ ಕುರುಡಿನ?”

ಮುಖ ಬಿಗಿದಿತ್ತು. ಮಗನನ್ನು ಬೈಯುವಾಗಿನ ದನಿಯಲ್ಲ. ನಿಜವಾಗಿ ನೊಂದ ದನಿ. ನಾನು ಹಾಳೆಯನ್ನು ನನ್ನ ಕಡೆ ತಿರುಗಿಸಿಕೊಂಡು, ಮಕ್ಕಳ ಹಾಳೆ ನೋಡುವ ಹಾಗೆ ನೋಡಿದೆ.

“ನೀವು ಬೆರಳಿಂದ ಎಳೀತೀರಿ. ಅದಕ್ಕ ಗೆರಿ ಸ್ವಲ್ಪ ದೂರ ಹೋಗಿ ದಣೀತದ. ರೊಟ್ಟಿ ಬಡಿವಾಗ ಕೈ ಎಲ್ಲಿಂದ ಬರ್ತದ್ರಿ?”

ಅವರು ಗಾಳಿಯಲ್ಲೇ ರೊಟ್ಟಿ ಬಡಿದು ನೋಡಿದರು. “ರಟ್ಟಿಯಿಂದ.”

“ಗೆರಿನೂ ಅಲ್ಲಿಂದ ಬರಬೇಕ್ರಿ.”

ಅಂದಿನಿಂದ ಶನಿವಾರ ಮಧ್ಯಾಹ್ನ ಅವರ ಪಾಠ. ಪಾಠದ ಹೊತ್ತಿನಲ್ಲಿ ಅವರು ನನ್ನನ್ನು ಬೇಕೆಂದೇ ‘ಟೀಚರ್’ ಅನ್ನುತ್ತಿದ್ದರು, ‘ನೋಡ್ರಿ’, ‘ಹೇಳ್ರಿ’ ಅನ್ನುತ್ತಿದ್ದರು. ನಾನು ನಾಚಿ ಬೇಡವೆಂದರೂ ಬಿಡಲಿಲ್ಲ. ಪೆನ್ಸಿಲು ಕೆಳಗಿಟ್ಟ ಮರುಗಳಿಗೆಯೇ, “ಏಳವ್ವ, ಜಲ್ದಿ ಹಿಟ್ಟು ನಾದು” ಎಂದು ಅತ್ತೆಯಾಗಿಬಿಡುತ್ತಿದ್ದರು. ಗಂಡ ಕಚೇರಿಯಿಂದ ಬಂದು, “ನಮ್ಮವ್ವನ ಪರೀಕ್ಷಾ ಯಾವಾಗ?” ಎಂದು ಕೇಳಿ ಬೈಸಿಕೊಳ್ಳುತ್ತಿದ್ದರು.

ಮಳೆಗಾಲ ಕಳೆಯುವ ಹೊತ್ತಿಗೆ ಅತ್ತೆಯ ಗೆರೆ ನೆಟ್ಟಗಾಯಿತು. ಅಂಗಳದಲ್ಲಿ ಕೂತು ಗುಡ್ಡವನ್ನು, ಅದರ ಹಣೆ, ಮೂಗು, ಗದ್ದ ಎಲ್ಲವನ್ನೂ, ಪೆನ್ಸಿಲು ಎತ್ತದೆ ಎಳೆಯುವಷ್ಟು. ಆ ಗೆರೆ ಹಾಳೆಯ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಯಲ್ಲಿ ಮಲಗುವುದನ್ನು ನೋಡುತ್ತ ನನಗೂ ನಿದ್ದೆಗೆ ಕಣ್ಣು ಎಳೆಯುತ್ತಿತ್ತು.

ಆಮೇಲೆ ನಾನು ಪರ್‌ಸ್ಪೆಕ್ಟಿವ್ ಶುರು ಮಾಡಿದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುವುದನ್ನು ಹಾಳೆಯ ಮೇಲೆ ತರುವ ವಿದ್ಯೆ. ನಾನು ಅದನ್ನು ಕಲಿತದ್ದು ಯಾದಗಿರಿಯ ಸ್ಟೇಶನ್ನಿನ ಸೇತುವೆ ಮೇಲೆ ನಿಂತು, ಎರಡು ಹಳಿ ದೂರದಲ್ಲಿ ಒಂದಾಗುವುದನ್ನು ನೋಡಿ. ಶಹಾಪುರದಲ್ಲಿ ರೈಲಿಲ್ಲ. ಮೊದಲ ವರ್ಷ ನಾನು ಬೋರ್ಡಿನ ಮೇಲೆ ಹಳಿ ಬರೆದು ತೋರಿಸಿದಾಗ, ಎಷ್ಟೋ ಮಕ್ಕಳು ಆಕಾಶಕ್ಕೆ ಒರಗಿಸಿದ ಏಣಿ ಬರೆದುಕೊಂಡು ಬಂದಿದ್ದರು. ಆ ಏಣಿಗಳ ಮೇಲೆ ಏನು ಬರೆಯಬೇಕೆಂದು ತಿಳಿಯದೆ, ಮರುವಾರ ಇಡೀ ಕ್ಲಾಸನ್ನು ಕಾಲುವೆಯ ಸೇತುವೆಗೆ ಕರೆದೊಯ್ದಿದ್ದೆ. ಅಲ್ಲಿಂದ ಮುಂದೆ ಹಳಿಯ ಮಾತೇ ಎತ್ತಲಿಲ್ಲ.

ಅತ್ತೆಗೆ ನಾನು, “ನಿಮಗ ಗೊತ್ತಿದ್ದ ಒಂದು ದಾರಿ ತೆಗೀರಿ” ಅಂದೆ. ಅವರು ಬರೆದ ದಾರಿ ಹಾಳೆಯ ಬುಡದಿಂದ ತಲೆಯವರೆಗೆ ಒಂದೇ ಅಗಲ. ತುದಿಯಲ್ಲಿ ಒಬ್ಬ ಹೆಂಗಸು, ದಾರಿಗಿಂತ ದೊಡ್ಡವಳು. ಕಣ್ಣು, ಮೂಗು, ಕುಂಕುಮ ಎಲ್ಲ ಇತ್ತು.

“ದಾರಿ ಮುಂದ ಮುಂದ ಸಣ್ಣದಾಗಬೇಕ್ರಿ.”

“ಯಾಕ ಸಣ್ಣದಾಗ್ತದ? ನಮ್ಮ ಹೊಲದ ದಾರಿ ಅದು. ಜೋಡೆತ್ತಿನ ಬಂಡಿ ಹೋಗ್ತಿತ್ತು ಕಡೀತನಕ.”

“ಇರೂದು ಅಷ್ಟೇ ಇರ್ತದ್ರಿ. ಕಾಣೂದು ಸಣ್ಣ.”

“ನನಗ ಹಂಗ ಕಾಣಂಗಿಲ್ಲ ಟೀಚರ್.”

ಅದು ಕಕ್ಕೇರಾದಲ್ಲಿರುವ ಅವರ ತವರಿನ ಹೊಲದ ದಾರಿ ಎಂದು ಆಗ ತಿಳಿಯಿತು. ಕಾಲುವೆ ಅಗೆಯುವಾಗ ಆ ದಾರಿ ನಡುವೆ ಕಡಿದುಹೋಗಿತ್ತು. ದಾರಿ ಹೋದದ್ದಕ್ಕೆ ಅವರಿಗೆ ದುಃಖವೇನೂ ಇರಲಿಲ್ಲ. ನೀರು ಬಂದಮೇಲೆ ತವರಿನ ಹೊಲ ಹಸಿರಾಗಿತ್ತು. ಹಾಳೆಯ ಮೇಲೆ ಮೊದಲು ಬರಬೇಕೆನಿಸಿದ್ದು ಆ ದಾರಿ, ಅಷ್ಟೆ. ಹೆಂಗಸು ಯಾರು ಎಂದು ನಾನು ಕೇಳಲಿಲ್ಲ.

ಮರುದಿನ ಇಳಿಹೊತ್ತಿನಲ್ಲಿ ಇಬ್ಬರೂ ಕಾಲುವೆಗೆ ಹೋದೆವು. ಸೇತುವೆಯ ನಡುವೆ ನಿಂತೆವು. ನೀರು ದಂಡೆಯ ಬಣ್ಣವನ್ನೇ ಹೊದ್ದು ಸದ್ದಿಲ್ಲದೆ ಹೋಗುತ್ತಿತ್ತು. ಆಚೆ ಭತ್ತದ ಗದ್ದೆಗಳ ಮೇಲೆ ಬೆಳ್ಳಕ್ಕಿಗಳು ಎದ್ದು, ಮತ್ತೆ ಅಲ್ಲೇ ಕೂರುತ್ತಿದ್ದವು. ಜೋಳದ ನಾಡಿಗೆ ಆ ಹಕ್ಕಿಗಳೂ ನೀರಿನ ಜೊತೆಗೇ ಹೆಚ್ಚಾಗಿದ್ದವು.

“ಒಂದು ಕಣ್ಣು ಮುಚ್ರಿ. ಪೆನ್ಸಿಲ್ ಹಿಡಿದು ಕೈ ಚಾಚ್ರಿ. ಈ ದಂಡಿ ಮ್ಯಾಲ ಅದನ್ನ ಇಟ್ಟು ನೋಡ್ರಿ.”

ಅತ್ತೆಗೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಎರಡೂ ಮುಚ್ಚಿಕೊಳ್ಳುತ್ತಿದ್ದವು. ಕೊನೆಗೆ ನಾನೇ ಅವರ ಎಡಗಣ್ಣಿನ ಮೇಲೆ ಅಂಗೈ ಇಟ್ಟೆ. ಅವರು ಬಲದಂಡೆಗೆ ಪೆನ್ಸಿಲು ಹಿಡಿದರು, ಆಮೇಲೆ ಎಡದಂಡೆಗೆ. ನನ್ನ ಅಂಗೈಯಡಿ ಅವರ ರೆಪ್ಪೆ ಪಟಪಟ ಬಡಿಯುವುದು ತಿಳಿಯುತ್ತಿತ್ತು.

“ಅಯ್ಯ ಶಿವನ” ಅಂದರು. “ಕೂಡ್ಯಾವಲ್ಲ!”

ಹಾಗೇ ನಿಂತರು. ಬೆಳ್ಳಕ್ಕಿಗಳು ಎದ್ದವು, ಕೂತವು. ದೂರದ ದಂಡೆಯ ಮೇಲೆ ಕುರಿಹಿಂಡೊಂದು ಬರುತ್ತಿತ್ತು. ಕುರಿ ಕಾಯುವವನು ಕಡ್ಡಿಯಷ್ಟಿದ್ದ.

“ಹಂಗಾದ್ರ” ಎಂದು ನಿಧಾನ ಕೇಳಿದರು, “ನಮ್ಮವ್ವನ್ನೂ ಅಷ್ಟ ಸಣ್ಣ ತೆಗೀಬೇಕೇನು?”

ಹಾಳೆಯ ಹೆಂಗಸು ಯಾರೆಂದು ನನಗೆ ಆಗ ಗೊತ್ತಾಯಿತು. ಅತ್ತೆ ಸಣ್ಣವರಿದ್ದಾಗ, ಅವರ ತಾಯಿ ಹೊಲದಿಂದ ಬಂದು ದಾರಿಯ ತುದಿಯಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಿದ್ದಳಂತೆ. ಮಗಳು ಓಡುತ್ತಿದ್ದಳಂತೆ. ಮಗಳ ಹಾಲುಹಲ್ಲು ಬೀಳುವ ವಯಸ್ಸಿಗೇ ತಾಯಿ ಜ್ವರದಲ್ಲಿ ತೀರಿಹೋಗಿದ್ದಳು.

“ಆಕಿದೊಂದು ಫೋಟೋ ಇಲ್ಲ” ಅಂದರು ಅತ್ತೆ. “ಅಷ್ಟು ಸಣ್ಣ ತೆಗೆದ್ರ ಮಾರಿ ಎಲ್ಲಿ ಬರ್ತದ?”

ಮಕ್ಕಳ ಹಾಳೆಯಾಗಿದ್ದರೆ ನಾನು ಯೋಚಿಸದೆ ಬರೆಯುತ್ತಿದ್ದೆ: ‘ದೂರದ ಮನುಷ್ಯರು ಸಣ್ಣ.’ ಈಗ ಹಾಗೆನ್ನಲು ಬಾಯಿ ಬರಲಿಲ್ಲ. ದೊಡ್ಡದೇ ಇರಲಿ ಬಿಡಿ ಅನ್ನಲೂ ಆಗಲಿಲ್ಲ. ಸುಳ್ಳು ಹೇಳಿದರೆ ಅವರು ಪೆನ್ಸಿಲು ಕೆಳಗಿಡುತ್ತಾರೆ. ನಾನು ಕುರಿಗಳನ್ನು ನೋಡುತ್ತ ನಿಂತೆ. ಹಿಂಡು ಬರುತ್ತ ಬರುತ್ತ ದೊಡ್ಡದಾಯಿತು. ಕಾಯುವವನಿಗೆ ಮೊದಲು ಕೈಕಾಲು ಬಂದವು, ಆಮೇಲೆ ಹೆಗಲ ಕಂಬಳಿ, ಆಮೇಲೆ ಮೀಸೆ. ಸೇತುವೆ ದಾಟುವಾಗ ಅವನು, “ಏನ್ ನೋಡಾಕತ್ತೀರಿ ಅಕ್ಕಾರ?” ಎಂದು ನಗುತ್ತ ಹೋದ.

“ಅತ್ತಿ” ಅಂದೆ, “ಅವ್ವ ಅಲ್ಲೇ ನಿಂತಿರ್ಲಿ. ನೀವ ಓಡಿ ಹತ್ರ ಹೋಗ್ರಿ.”

“ಎಲ್ಲಿಗೆ?”

“ಚಿತ್ರದಾಗ. ನೀವು ದಾರಿ ಈ ತುದಿಗಿ ನಿಂತು ನೋಡಾಕತ್ತೀರಿ. ಅದಕ್ಕ ಅವ್ವ ಸಣ್ಣ. ಆಕಿ ಮುಂದ ಹೋಗಿ ನಿಂದ್ರಿ. ಆಕಿ ದೊಡ್ಡಾಕಿ ಆಗ್ತಾಳ. ಆಕಿ ಹಿಂದ ದಾರಿ ಹೊಲದ ಕಡೆ ಸಣ್ಣದಾಗ್ತ ಹೋಗ್ತದ.”

“ನನ್ನ ಕಣ್ಣು ಆವಾಗ ಆಕಿ ನಡದ ಮಟ್ಟಕ್ಕ ಇತ್ತು” ಅಂದರು ಅತ್ತೆ.

“ಹಂಗಾದ್ರ ದಿಗಂತದ ಗೆರಿ ಅಲ್ಲೇ ಬರ್ತದ್ರಿ, ಅದು ನೋಡವರ ಕಣ್ಣಿನ ಮಟ್ಟಕ್ಕ ಇರ್ತದ. ಆಕಿ ನಡದ ಮಟ್ಟಕ್ಕ.”

ಆ ಚಿತ್ರಕ್ಕೆ ಇಡೀ ಚಳಿಗಾಲ ಹಿಡಿಯಿತು. ಅತ್ತೆ ಎಳೆಯುತ್ತಿದ್ದರು, ನಾನು ನೀಲಿ ಪೆನ್ಸಿಲಿನಿಂದ ಹೇಳುತ್ತಿದ್ದೆ: ಈ ಬದು ದಿಗಂತದ ಕಡೆ ಏರಬೇಕು, ಆ ಮರ ಇನ್ನೂ ಗಿಡ್ಡ ಆಗಬೇಕು. ಕೊನೆಯ ಹಾಳೆಯಲ್ಲಿ ನೀಲಿ ಗೆರೆಗೆ ಜಾಗವೇ ಇರಲಿಲ್ಲ. ತಾಯಿ ಹಾಳೆಯ ತುಂಬ ನಿಂತಿದ್ದಳು, ಕೆಳಗಿನಿಂದ ಕಂಡವಳ ಹಾಗೆ ತಲೆ ಆಕಾಶದಲ್ಲಿ. ತಲೆಯ ಮೇಲೆ ಹುಲ್ಲಿನ ಹೊರೆ. ಕಣ್ಣು ಮೂಗು ಅಷ್ಟು ಸರಿ ಬಂದಿರಲಿಲ್ಲ. ಆದರೆ ನಿಂತ ರೀತಿಯಲ್ಲಿ, ಇನ್ನೇನು ಬಗ್ಗಿ ಮಗುವನ್ನು ಎತ್ತಿಕೊಳ್ಳುವವಳು ಎಂದು ಗೊತ್ತಾಗುತ್ತಿತ್ತು. ನಾನು ಕೆಳಗೆ ಏನೂ ಬರೆಯಲಿಲ್ಲ. ಅತ್ತೆ, “ಯಾಕ್ರಿ ಟೀಚರ್, ಏನೂ ಹೇಳವಲ್ರಿ?” ಎಂದು ಕೇಳಿದರು. “ಹೇಳೂದು ಏನೂ ಉಳಿದಿಲ್ರಿ” ಎಂದೆ. ನನ್ನ ಮುಖ ಪರೀಕ್ಷಿಸಿ ನೋಡಿ, ಇದು ಸುಳ್ಳಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹಾಳೆ ಸುತ್ತಿದರು.

ಕಕ್ಕೇರಾದಲ್ಲಿ ಅವರ ಅಕ್ಕ ಇದ್ದರು. ಚಿತ್ರ ತೋರಿಸಲೇಬೇಕೆಂದು ಅತ್ತೆ ಹಟ ಹಿಡಿದದ್ದರಿಂದ, ಒಂದು ಭಾನುವಾರ ಸುರಪುರದಲ್ಲಿ ಬಸ್ಸು ಬದಲಿಸಿ ಹೋದೆವು. ದೊಡ್ಡವ್ವ ಹಲ್ಲಿಲ್ಲದ, ದನಿ ಜೋರಿದ್ದ ಮುದುಕಿ. ಚಿತ್ರವನ್ನು ಹೊಸ್ತಿಲ ಬೆಳಕಿನಲ್ಲಿ ಹಾಸಿ, ಮೊಣಕಾಲೂರಿ ಕೂತು ನೋಡಿದರು. ಅವರ ಉಸಿರು ಕೇಳಿಸುತ್ತಿತ್ತು.

“ಯಾರು ಇದು?” ಎಂದು ನಾನೇ ಅಂಜುತ್ತ ಕೇಳಿದೆ.

“ಯಾರಂದ್ರ? ನಮ್ಮವ್ವ.” ಮೂಗೊರೆಸಿಕೊಂಡರು. ಆಮೇಲೆ ಬೆರಳಿಟ್ಟು, “ಖರೆ, ಈ ದಾರಿ ಗಲತ್ ಐತಿ. ಇಷ್ಟು ಸೀದಾ ಎಲ್ಲಿತ್ತು? ಹಳ್ಳದ ಹತ್ರ ಬಾಗ್ತಿತ್ತು.”

“ಬಾಗ್ತಿದ್ದಿಲ್ಲ” ಅಂದರು ಅತ್ತೆ.

“ಬಾಗ್ತಿತ್ತು. ನೀರು ಹೊತ್ತಾಕಿ ನಾನೋ ನೀನೋ? ತಾ ಆ ಕಡ್ಡಿ.”

ನನ್ನ ಕೈಯಿಂದ ಪೆನ್ಸಿಲು ಕಿತ್ತುಕೊಂಡು, ಮುಷ್ಟಿಯಲ್ಲಿ ಹಿಡಿದು, ದೊಡ್ಡವ್ವ ದಾರಿಯ ನಡುವೆ ಒಂದು ಡೊಂಕು ಎಳೆದರು. ಹಾಳೆ ಒಂದು ಕಡೆ ಹರಿಯಿತು. ಒಂದು ಚಳಿಗಾಲದ ಕೆಲಸ. ನಾನು ಅತ್ತೆಯ ಮುಖ ನೋಡಿದೆ. ಅವರು ಆ ಡೊಂಕನ್ನೇ ನೋಡುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು.

“ಅಲ್ಲಿ ಒಂದು ಹುಣಸಿಗಿಡ ಇತ್ತಲ್ಲ” ಅಂದರು.

“ಮತ್ತ? ಅದಕ್ಕ ದಾರಿ ಬಾಗಿದ್ದು.”

ಆಮೇಲೆ ಅಕ್ಕತಂಗಿಯರಿಗೆ ನನ್ನ ನೆನಪೇ ಇರಲಿಲ್ಲ. ಹುಣಸೆಗಿಡ ಬಂತು, ಅದರ ಕೆಳಗೆ ಬಂಡೆ ಬಂತು. ದೊಡ್ಡವ್ವ ಹೇಳುವುದು, ಅತ್ತೆ ಎಳೆಯುವುದು. ನಾನು ಚಹಾ ಮಾಡಿಕೊಟ್ಟು ಕಟ್ಟೆಯ ಮೇಲೆ ಹೋಗಿ ಕೂತೆ. ಒಳಗಿನ ಮಾತು ಕೇಳುತ್ತ, ಕಾಲುವೆಯ ಕಡೆಯಿಂದ ಬರುವ ತಂಪು ಗಾಳಿಗೆ ಯಾವಾಗಲೋ ಕಣ್ಣು ಮುಚ್ಚಿದವು.

ಬಸ್ಸಿನ ಹೊತ್ತಿಗೆ ಚಿತ್ರ ದೊಡ್ಡವ್ವನ ಗೋಡೆಯ ಮೇಲಿತ್ತು, ಗಂಜಿ ಹಚ್ಚಿ ಅಂಟಿಸಿದ್ದರು. ಅದನ್ನು ವಾಪಸು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ಅತ್ತೆಗೆ ಕೇಳುವ ಮನಸ್ಸೂ ಇದ್ದ ಹಾಗೆ ಕಾಣಲಿಲ್ಲ. ಕಿಟಕಿಯ ಪಕ್ಕ ಕೂತು, ಸುರಪುರದ ಗುಡ್ಡಗಳು ಕಾಣುವವರೆಗೂ ಹೊರಗಿನ ಹೊಲಗಳನ್ನು ನೋಡುತ್ತಿದ್ದರು.

“ಅವ್ವನ ಸೀರಿ ಹಸರಿತ್ತಂತ” ಎಂದರು ಆಮೇಲೆ. “ಅಕ್ಕ ಹೇಳಿದ್ಲು. ನನಗ ಗೊತ್ತೇ ಇದ್ದಿಲ್ಲ ನೋಡು.”

ಮುಂದಿನ ಶನಿವಾರ ನಾನು ಅವರಿಗೆ ಬಣ್ಣದ ಡಬ್ಬಿ ತಂದುಕೊಟ್ಟೆ.