ಸೊಕುಪಾ ಮೇಷ್ಟ್ರ ಹಿತ್ತಿಲು
ದಕ್ಷಿಣ ಆಫ್ರಿಕಾದ ಮ್ದಂತ್ಸಾನೆಯ ಸೊಕುಪಾ ಮೇಷ್ಟ್ರು ನಿವೃತ್ತರಾದರೂ ಅವರ ಕೆಮ್ಮು ಕೇಳಿದರೆ ಬೀದಿ ಹುಡುಗರು ಇಂದಿಗೂ ಅಂಗಿ ಗುಂಡಿ ಹಾಕಿಕೊಳ್ಳುತ್ತಾರೆ. ಚರ್ಚಿನಲ್ಲಿ ಅವರು ಕಣ್ಣು ಬಿಟ್ಟರೆ ಅಳುವ ಕೂಸೂ ಬಾಯಿ ಮುಚ್ಚುತ್ತದೆ. ಅಂಥವರು, ಈಗ ಮನೆಯಲ್ಲಿ ಬೆಳೆಯಲು ಕಾನೂನಿನ ಅಡ್ಡಿಯಿಲ್ಲವೆಂದು, ಮಂಡಿನೋವಿಗಾಗಿ ಹಿತ್ತಿಲಲ್ಲಿ ಗಾಂಜಾ ಸಸಿ ನೆಟ್ಟು ಮೇಲೆ ಅಡ್ಡಲಾಗಿ ಬಲೆ ಕಟ್ಟಿದ್ದಾರೆ. ಎಲ್ಲಕ್ಕೂ ಸಮನಾಗಿ ಬಿಸಿಲು ಬೀಳಲೆಂದು, ತಲೆ ಎತ್ತಿದ ಕುಡಿಯನ್ನು ಮತ್ತೆ ಬಲೆಯಡಿಗೆ ಎಳೆದು, ಬಲೆಯ ಪಕ್ಕದ ಕಿಂಡಿಗೆ ಬಾಗಿಸಿ, ಹಳೆ ಕಾಲುಚೀಲದ ದಾರದಿಂದ ಸಡಿಲವಾಗಿ ಕಟ್ಟುತ್ತಾರೆ. "ನಿಧಾನ ಕಂದ, ನೋವಾಯ್ತಾ? ಇವತ್ತಿಗಿಷ್ಟು ಸಾಕು, ನಾಳೆ ಇನ್ನೊಂಚೂರು ಬಗ್ಗುವಿಯಂತೆ" ಎನ್ನುತ್ತಾರೆ. "ಈ ದನಿ ಇಷ್ಟು ವರ್ಷ ಎಲ್ಲಿಟ್ಟಿದ್ರಿ?" ಎಂದು ಹೆಂಡತಿ ನೊಂತೊಬೆಕೊ ಕೇಳಿದರೆ ಕಿವಿ ಕೇಳಿಸದವರಂತೆ ದಾರ ಹುಡುಕುತ್ತಾರೆ. ಹರೆಯದಲ್ಲಿ ಸೇದಿದ ಒಂದೇ ಒಂದು ಗಾಂಜಾ ಬೀಡಿಗಾಗಿ ಮಗ ಲುಯೋಲೋನನ್ನು ನಡುಬೀದಿಯಲ್ಲಿ ಬೆಲ್ಟಿನಿಂದ ಬಾರಿಸಿ ಮನೆಯಿಂದ ಅಟ್ಟಿದವರು ಇವರೇ. ಮೊನ್ನೆ ಭಾನುವಾರ ತಾಯಿಯನ್ನು ನೋಡಲು ಬಂದ ಲುಯೋಲೋ ಹಿತ್ತಿಲ ಬಾಗಿಲಲ್ಲಿ ನಿಂತು ಆ ಮುದ್ದುಮಾತೆಲ್ಲ ಕೇಳಿಸಿಕೊಂಡ. ತಿರುಗಿ ನೋಡಿದ ಮೇಷ್ಟ್ರ ಮುಖ ಇಳಿದುಹೋಯಿತು. "ಟೊಮೇಟೊ ಕಣೋ" ಎಂದರು. ತಲೆ ನರೆಯತೊಡಗಿದ್ದ ಮಗ ಬಲೆಯನ್ನು ನೋಡಿದ, ಅಪ್ಪನ ಬೆರಳಲ್ಲಿದ್ದ ದಾರವನ್ನು ನೋಡಿದ. "ಚೆನ್ನಾಗಿ ಬಂದಿದೆ ಅಪ್ಪ, ಟೊಮೇಟೊ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದ. ಊಟಕ್ಕೆ ಕರೆ ಬಂದರೂ ಆ ಮಗನ ಎದುರು ಕೂರಲು ಮುಖವಿಲ್ಲದೆ ಮೇಷ್ಟ್ರು ಒಂದೇ ಕುಡಿಯನ್ನು ಕಟ್ಟುತ್ತ, ಬಿಚ್ಚುತ್ತ ಅಲ್ಲೇ ಕೂತರು.