ಅತ್ತೆಯ ಜೀಪಿನ ದೀಪ

ಅವರೇಕಾಯಿಯ ಸೊಗಡು ಮೂಗಿಗೆ ಬಿದ್ದರೆ ನಮ್ಮ ಕಡೆಯವರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಆಗೆಲ್ಲ ನಾವು ಹಳೇಬೀಡಿನಲ್ಲಿ, ಬಸದಿಯ ಹಿಂದಿನ ಬೀದಿಯಲ್ಲಿದ್ದೆವು. ನಾನು ಐದನೇ ಕ್ಲಾಸು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಚಳಿಗಾಲದಲ್ಲಂತೂ ಸ್ಕೂಲಿಂದ ಬಂದು ಕುಂಟೆಬಿಲ್ಲೆಗೆ ಗೆರೆ ಎಳೆಯುವಷ್ಟರಲ್ಲಿ ಕೂಗುತ್ತಿದ್ದರು. ರಾಗಿರೊಟ್ಟಿ, ಹಿತಕಿದ ಅವರೇಬೇಳೆ ಸಾರು, ಮೇಲೆ ಒಂದು ಮಿಳ್ಳೆ ತುಪ್ಪ. ಅದನ್ನು ಗಬಗಬ ನುಂಗಿ ಮತ್ತೆ ಬೀದಿಗೆ ಓಡುತ್ತಿದ್ದೆ.

ಆ ಊಟಕ್ಕೆ ಸಿಗದವಳು ಒಬ್ಬಳೇ, ಅಪ್ಪನ ತಂಗಿ ಸುಮತಿ ಅತ್ತೆ. ಗಂಡ ತೀರಿಕೊಂಡ ಮೇಲೆ ಅವನ ಹಳೇ ಜೀಪನ್ನು ತಾನೇ ಓಡಿಸಿಕೊಂಡು ತವರಿಗೆ ಬಂದಿದ್ದಳು. ಬಂದ ಹೊಸದರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಯಾರ ಮುಖವನ್ನೂ ನೋಡದೆ ಕೂತಿರುತ್ತಿದ್ದಳು. ಆಮೇಲೆ ಹಗರೆ ಸುತ್ತಿನ ಹಳ್ಳಿಗಳ ಸಂಜೆಹಾಲನ್ನು ಬೇಲೂರಿಗೆ ಮುಟ್ಟಿಸುವ ಕೆಲಸ ಹಿಡಿದಳು ನೋಡಿ, ಹೆಂಗಸು ಬಚ್ಚಲಲ್ಲಿ ಹಾಡಿಕೊಳ್ಳುವುದಕ್ಕೆ ಶುರುಮಾಡಿದಳು. ಕತ್ತಲಾದ ಮೇಲೆ ಬಂದರೆ ಊಟ ಬಿಟ್ಟು ಮಲಗುತ್ತಿದ್ದಳೇ ಹೊರತು ವ್ರತ ಮುರಿದವಳಲ್ಲ. ಆ ಕೆಲಸ ಹೋದರೆ ಮತ್ತೆ ಆ ಮೂಲೆಯೇ ಗತಿ ಎಂದು ನನಗೂ ಗೊತ್ತಿತ್ತು.

ಹಗಲು ಗಿಡ್ಡವಾಯಿತು. ಕ್ಯಾನು ತುಂಬುವಷ್ಟರಲ್ಲೇ ಕತ್ತಲು. ಸರಿಯಾಗಿ ಆಗಲೇ ಜೀಪಿನ ಹೆಡ್‌ಲೈಟು ಕೈಕೊಟ್ಟಿತು. ಅತ್ತೆ ಸೆರಗು ಸಿಕ್ಕಿಸಿ ಬಾನೆಟ್ಟು ಎತ್ತಿದಳು.

"ಎರಡೂ ಒಟ್ಟಿಗೆ ಕೆಟ್ಟವೆ ಅಂದ್ರೆ ಬಲ್ಬಿಂದಲ್ಲ ಕಣೇ. ಎರಡು ಬಲ್ಬು ಮಾತಾಡ್ಕೊಂಡು ಒಂದೇ ದಿನ ಸಾಯ್ತವಾ? ಹಾರನ್ ಹೊಡಿ."

ಹೊಡೆದೆ. ಬೀದಿಯ ನಾಯಿಗಳೆಲ್ಲ ಎದ್ದವು.

"ಬ್ಯಾಟರಿ ಚೆನ್ನಾಗೈತೆ."

ಬ್ಯಾಟರಿಯಿಂದ ನೇರ ಒಂದು ವಯರು ಎಳೆದು ಬಲ್ಬಿಗೆ ಮುಟ್ಟಿಸಿದಳು. ಭಗ್ಗನೆ ಉರಿಯಿತು. ಅರ್ತ್ ತಂತಿಯ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿದೆವು. ಊಹೂಂ. ಕೊನೆಗೆ ಸ್ವಿಚ್ಚಿನಿಂದ ಬರುವ ಕೆಂಪು ವಯರನ್ನು ಬೆರಳಲ್ಲೇ ಹಿಂಬಾಲಿಸಿದಳು. ಅದು ತುಂಡಾಗಿತ್ತು. ಜೋಡಿಸಿ ಟೇಪು ಸುತ್ತಿದಳು.

ಜಗಲಿಯಲ್ಲಿ ಅಡಕೊತ್ತಿನಲ್ಲಿ ಅಡಕೆ ಕತ್ತರಿಸುತ್ತಿದ್ದ ಅಜ್ಜ ಅಲ್ಲಿಂದಲೇ ಅಂದರು, "ಇಲಿ ಕಡಿದಿರ್ತದೆ ಕಣಮ್ಮ. ಏನು ಮಾಡಾಕಾಯ್ತದೆ, ಅದೂ ಒಂದು ಜೀವ. ಹೊತ್ತು ಮುಳುಗೋದ್ರೊಳಗೆ ಬಂದ್ಬಿಡು, ದೀಪದ ಗೊಡವೆನೇ ಬ್ಯಾಡ."

ನಮ್ಮ ಮನೆಯಲ್ಲಿ ಇಲಿಬೋನು ಇರಲಿಲ್ಲ. ಅಜ್ಜ ಕೂರುವ ಮುಂಚೆ ಇರುವೆಯನ್ನು ಬಟ್ಟೆಯಲ್ಲಿ ಮೆಲ್ಲಗೆ ಸರಿಸಿ ಕೂರುವ ಮನುಷ್ಯ. ಬೀದಿಯವರು ಅವರ ಕಾಲು ಮುಟ್ಟುತ್ತಿದ್ದರು. ಹಾಗಾಗಿ ಅತ್ತೆ ಬೇವಿನೆಣ್ಣೆಯ ಬಟ್ಟೆಯನ್ನು ವಯರಿಗೆ ಸುತ್ತಿದಳು. ನಾಲ್ಕು ದಿನಕ್ಕೆ ಮತ್ತೆ ತುಂಡು. ಮತ್ತೆ ಇಲಿ. ಹಾಲು ಮತ್ತೆ ತಡ.

ಮುಂದಿನ ಶನಿವಾರ ನಾನೂ ಜೊತೆಗೆ ಹೋದೆ. ಹಗರೆ ದಾಟಿದ ಮೇಲೆ ಅತ್ತೆ ಸ್ವಿಚ್ಚು ಎಳೆದಳು. ಮುಂದೆ ಕಗ್ಗತ್ತಲು. ರಸ್ತೆ ಬದಿಗೆ ನಿಲ್ಲಿಸಿ, ನನ್ನ ಕೈಗೆ ಟಾರ್ಚು ಕೊಟ್ಟು, ಸ್ಟೇರಿಂಗಿನ ಕೆಳಗೆ ನುಸುಳಿದಳು.

"ಇಲ್ಲಿ ಬಾರೇ. ಇಲಿ ಕಡಿದ್ರೆ ಸಿಬರು ಸಿಬರಾಗಿರ್ತದೆ. ಇದು ನೋಡು, ಕಬ್ಬಿನ ಜಲ್ಲೆ ಕೊಚ್ಚಿದಂಗೈತೆ. ಒಂದು ಗೇಣು ವಯರೇ ಇಲ್ಲ. ಇಲಿ ವಯರು ಎತ್ಕೊಂಡು ಹೋಗ್ತದಾ?"

ಹಾರನ್ನಿನ ವಯರು ಕಿತ್ತು ಅಲ್ಲಿಗೆ ಸುತ್ತಿದಳು. ದೀಪ ಬಂತು. ಆದರೆ ಬೇಲೂರು ಸೇರುವಷ್ಟರಲ್ಲಿ ಹಾಲು ಒಯ್ಯುವ ದೊಡ್ಡ ಲಾರಿ ಹೊರಟುಹೋಗಿತ್ತು. ಡೈರಿಯಲ್ಲಿದ್ದ ಮನುಷ್ಯ ಕ್ಯಾನುಗಳ ಕಡೆ ನೋಡಲೂ ಇಲ್ಲ. "ಎಷ್ಟು ಸಲ ಹಿಂಗೇ ಅಂತ ಸಹಿಸ್ಕಳ್ಳೋದಮ್ಮ? ನಾಳೆಯಿಂದ ಬ್ಯಾರೆ ಗಾಡಿ ಗೊತ್ತು ಮಾಡಿವ್ನಿ" ಅಂದ.

ಮನೆಗೆ ಬಂದಾಗ ಅಜ್ಜ ಜಗಲಿಯಲ್ಲೇ ಇದ್ದರು. ಅತ್ತೆ ಅವರ ಕೈಯಲ್ಲಿದ್ದ ಅಡಕೊತ್ತಿನ ಮೇಲೆ ಟಾರ್ಚು ಬಿಟ್ಟಳು. ಅದರ ಸಂದಿಯಲ್ಲಿ ವಯರಿನ ಕೆಂಪು ರಬ್ಬರಿನ ಚೂರು ಸಿಕ್ಕಿಕೊಂಡಿತ್ತು.

"ಅಪ್ಪಾಜಿ, ನೀವಾ?"

"ಹೂಂ, ನಾನೇ. ಗಂಡನಿಲ್ಲದ ಹೆಂಗಸು ಕತ್ತಲಲ್ಲಿ ಊರೂರು ತಿರುಗಿದ್ರೆ ಜನ ಏನಂದಾರು? ನಿನ್ನ ಒಳ್ಳೇದಕ್ಕೇ ಕಣಮ್ಮ."

"ಇಲಿಗೆ ನೋವಾಗಬಾರ್ದು ಅಂತೀರಲ್ಲ. ನಾನು ಇಲಿಗಿಂತ ಕಡೆಯಾ?"

ಅಜ್ಜ ಇನ್ನೊಂದು ಅಡಕೆ ತೆಗೆದುಕೊಂಡರು. ಎಲ್ಲ ಕೇಳಿಸಿಕೊಂಡ ಅಪ್ಪ ಅಮ್ಮ ಒಳಗೇ ಉಳಿದರು. ಮಾರನೇ ವಾರವೇ ಕಣಕಟ್ಟೆಯ ಕಾಯಿ ವ್ಯಾಪಾರಿಯೊಬ್ಬ ಅಜ್ಜ ಮಾರಲಿಟ್ಟ ಜೀಪು ನೋಡಲು ಬಂದ. ಲೈಟು ಹೆಂಗೈತೆ ಎಂದು ಕೇಳಿದ. "ಫಸ್ಟ್ ಕ್ಲಾಸಾಗೈತೆ, ಈಗ್ತಾನೆ ರಿಪೇರಿಯಾಗೈತೆ" ಎಂದರು ಅಜ್ಜ, ಅತ್ತೆಯ ಎದುರಿಗೇ. ಅಯ್ಯೋ, ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಅತ್ತೆ ಒಳಗೆ ಹೋಗಿ ಅವರೇಕಾಯಿ ಸುಲಿಯುತ್ತಾ ಕೂತಳು.

ಮೊನ್ನೆ ಅಜ್ಜನ ನೆನಪಿನ ದಿನ ಮಾಡಿದರು. ಇರುವೆಗೂ ನೋವು ಮಾಡದ ಜೀವ ಎಂದು ಒಬ್ಬರಾದ ಮೇಲೊಬ್ಬರು ಹೊಗಳಿದರು. ನನಗೂ ಎರಡು ಮಾತಾಡು ಎಂದರು. ನಾನು ಎದ್ದು ಅತ್ತೆಯನ್ನು ಕರೆದುಕೊಂಡು ಹೊರಟುಬಿಟ್ಟೆ. ಸತ್ತವರ ಮೇಲೆ ಸಿಟ್ಟು ಬೇಡವಂತೆ. ಯಾಕೆ ಬೇಡ? ನಾನು ಇಟ್ಟುಕೊಂಡೇ ಇದ್ದೇನೆ.

ಹಗರೆ ರಸ್ತೆಯಲ್ಲಿ ಮುಸ್ಸಂಜೆಗೆ ನನ್ನ ಕಾರು ನಿಲ್ಲಿಸಿ, ದೀಪ ಹಾಕಿ, ಓಡಿಸು ಎಂದೆ. ಅತ್ತೆಯ ಮುಖ ಅರಳಿತು. ಇಳಿದು ಮುಂದೆ ಹೋಗಿ ಎರಡೂ ಲೈಟಿಗೆ ಅಂಗೈ ಅಡ್ಡ ಹಿಡಿದು ನೋಡಿದಳು. "ಎರಡೂ ಉರೀತವೆ ಕಣೇ!" ಎಂದಳು. ಬಂದು ಸ್ಟೇರಿಂಗ್ ಹಿಡಿದು ಕೂತಳು. ಕಾಲಲ್ಲಿ ಕ್ಲಚ್ಚು ಹುಡುಕಿದಳು. ಸಿಕ್ಕಿತು. ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಗೇರಿನ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದಳು.

"ಮರ್ತೋಗೈತೆ ಕಣೇ" ಎಂದು ಇಳಿದು ಈಚೆ ಸೀಟಿಗೆ ಬಂದಳು. "ಹೊತ್ತು ಮುಳುಗ್ತು, ಮನೆಗೆ ನಡಿ."